ಮುಚ್ಚಳಿಕೆಯೂ ಮರಳುವ ದಾರಿಯೂ: ವಿದ್ಯಾರ್ಥಿನಿಲಯದ ಶಿಸ್ತನ್ನು ಕುರಿತ ಒಂದು ದೈವಶಾಸ್ತ್ರೀಯ ವಿಚಾರ

ಕಾಲೇಜಿನ ವಿದ್ಯಾರ್ಥಿನಿಲಯಕ್ಕೆ ಸೇರುವ ವಿದ್ಯಾರ್ಥಿಯು ತನ್ನ ಹಾಸಿಗೆಯ ಸುರುಳಿಯನ್ನು ಬಿಚ್ಚುವ ಮೊದಲೇ ಸಹಿ ಹಾಕಬೇಕಾದ ಕಾಗದವೊಂದಿದೆ. ಅದು ಮುಚ್ಚಳಿಕೆ. ನಿಲಯದ ನಿಯಮಗಳನ್ನು ಓದಿ ತಿಳಿದುಕೊಂಡಿದ್ದೇನೆ, ಅವುಗಳನ್ನು ಮೀರಿದಲ್ಲಿ ನಿಲಯಪಾಲಕರು ಕೈಗೊಳ್ಳುವ ಯಾವ ಕ್ರಮಕ್ಕೂ ಬದ್ಧನಾಗಿರುತ್ತೇನೆ ಎಂಬುದು ಅದರ ಸಾರ. ನಿಯಮಗಳನ್ನು ನಿಜವಾಗಿ ಓದಿ ಸಹಿ ಮಾಡುವವರು ವಿರಳ. ವರ್ಷದ ನಡುವೆ ತಪ್ಪೇನಾದರೂ ನಡೆದರೆ ಎರಡನೆಯ ಮುಚ್ಚಳಿಕೆಯನ್ನು ಬರೆಸಿಕೊಳ್ಳುತ್ತಾರೆ. ಇದರಲ್ಲಿ ತಪ್ಪೊಪ್ಪಿಗೆಯೂ ಸೇರಿರುತ್ತದೆ, ಮಗ್ಗುಲಲ್ಲಿ ತಂದೆಯ ಅಥವಾ ತಾಯಿಯ ಸಹಿಯೂ ಇರುತ್ತದೆ. ಮೂರನೆಯದಕ್ಕೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಪೆಟ್ಟಿಗೆ ಹೊರಗೆ ಬರುತ್ತದೆ. ಈ ಹೆಜ್ಜೆಗಳಲ್ಲಿ ನಡೆಯುವುದನ್ನು ಶಿಸ್ತು ಎಂದು ಕರೆಯಲು ಸಾಧ್ಯವೇ ಎಂಬುದು ಈ ಲೇಖನದ ಪ್ರಶ್ನೆ. ದೈವಶಾಸ್ತ್ರದ ಪತ್ರಿಕೆಯಲ್ಲಿ ಇದೇಕೆ ಎಂದು ವಾಚಕರು ಕೇಳಬಹುದು. ನಮ್ಮ ವಿದ್ಯಾಲಯಗಳಿಂದ ಹೊರಡುವವರಲ್ಲಿ ಕೆಲವರಿಗೆ ಸಭಾಪಾಲನೆಯೊಂದಿಗೆ ಬೋರ್ಡಿಂಗ್ ಹೋಮಿನ ಅಥವಾ ವಸತಿನಿಲಯದ ಹೊಣೆಯೂ ಬರುತ್ತದೆ. ಪೀಠದಿಂದ ಕೃಪೆಯನ್ನು ಸಾರಿದ ಅದೇ ಕೈ ಸೋಮವಾರ ಬೆಳಿಗ್ಗೆ ಹೊರಹಾಕುವ ಆದೇಶಕ್ಕೆ ಸಹಿ ಹಾಕುವ ಪ್ರಸಂಗ ಬರುವುದುಂಟು.

ವಿಚಾರವನ್ನು ಗಾಳಿಯಲ್ಲಿ ನಡೆಸದೆ ಒಂದು ನೆಲದ ಮೇಲೆ ನಿಲ್ಲಿಸುವುದು ಒಳ್ಳೆಯದು. ಹಾಸನ ಜಿಲ್ಲೆಯನ್ನು ತೆಗೆದುಕೊಳ್ಳೋಣ. ಇಲ್ಲಿ ವಸತಿ ಸಹಿತ ಶಿಕ್ಷಣಕ್ಕೂ ಕ್ರೈಸ್ತ ಸೇವೆಗೂ ಹಳೆಯ ನಂಟಿದೆ. 1876–78ರ ಮಹಾಕ್ಷಾಮದ ತರುವಾಯ ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ಹಾಸನದಲ್ಲಿ ಅನಾಥ ಹೆಣ್ಣುಮಕ್ಕಳಿಗಾಗಿ ವಸತಿಯನ್ನು ನಡೆಸಿತು. ಇಪ್ಪತ್ತನೆಯ ಶತಮಾನದಲ್ಲಿ ಜಾತಿ ಸಂಘಗಳೂ ಮಠಗಳೂ ಸರ್ಕಾರವೂ ಹಾಸ್ಟೆಲುಗಳನ್ನು ತೆರೆದವು. ಹಳೆಯ ಮೈಸೂರಿನಲ್ಲಿ ಹಳ್ಳಿಯ ಹುಡುಗನೊಬ್ಬ ಪದವೀಧರನಾದ ಕಥೆಯನ್ನು ಕೆದಕಿದರೆ ಅದರಲ್ಲಿ ಒಂದು ಹಾಸ್ಟೆಲು ಇದ್ದೇ ಇರುತ್ತದೆ. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂದಿತು, ಮುಂದೆ ವೈದ್ಯಕೀಯ, ಕೃಷಿ, ಪಶುವೈದ್ಯಕೀಯ ಕಾಲೇಜುಗಳು ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯು 2023ರಲ್ಲಿ ಹಾಸನ ವಿಶ್ವವಿದ್ಯಾನಿಲಯದ ನೆಲೆಯಾಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ಸರ್ಕಾರಿ ಪದವಿ ಕಾಲೇಜುಗಳಿವೆ. ಆದರೂ ಸ್ನಾತಕೋತ್ತರ ಪದವಿಗೆ, ವೃತ್ತಿಶಿಕ್ಷಣಕ್ಕೆ ಈ ತಾಲ್ಲೂಕುಗಳ ಅನೇಕ ಮಕ್ಕಳು ಜಿಲ್ಲಾ ಕೇಂದ್ರಕ್ಕೆ ಬರಬೇಕಾಗುತ್ತದೆ. ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಒಂದು ಬಸ್ಸು, ಅಲ್ಲಿಂದ ಹಾಸನಕ್ಕೆ ಮೂವತ್ತು ನಲವತ್ತು ಕಿಲೋಮೀಟರಿಗೆ ಇನ್ನೊಂದು ಬಸ್ಸು. ಆದುದರಿಂದ ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿ ಒಂದು ಸೀಟು ಸಿಗುವುದೆಂದರೆ ಓದು ಮುಂದುವರಿಯುವುದು ಎಂದೇ ಅರ್ಥ.

ಇದೇ ಕಾರಣದಿಂದ ಇಲ್ಲಿ ಶಿಕ್ಷೆಯ ತೂಕವು ಕಾಗದದ ಮೇಲೆ ಬರೆದಂತಿರುವುದಿಲ್ಲ. ರಾಮನಾಥಪುರದ ಕಡೆಯ ಹಳ್ಳಿಯೊಂದರಲ್ಲಿ ಹೊಗೆಸೊಪ್ಪು ಬೆಳೆಯುವ ಸಣ್ಣ ಹಿಡುವಳಿದಾರನ ಮಗನು ಒಂದು ರಾತ್ರಿ ಗೋಡೆ ಹಾರಿ ಹೊರಗೆ ಹೋಗಿ ಸಿಕ್ಕಿಬಿದ್ದನೆಂದು ಇಟ್ಟುಕೊಳ್ಳೋಣ. ಅವನೊಂದಿಗೆ ಹಾಸನ ಪೇಟೆಯಲ್ಲೇ ಮನೆಯಿರುವ ಗೆಳೆಯನೊಬ್ಬನೂ ಸಿಕ್ಕಿಬಿದ್ದನು. ಇಬ್ಬರಿಗೂ ಒಂದೇ ಆದೇಶ: ನಿಲಯದಿಂದ ವಜಾ. ಪೇಟೆಯ ಹುಡುಗನು ಸಂಜೆಗೆ ಮನೆ ಸೇರುತ್ತಾನೆ, ಮರುದಿನ ತರಗತಿಗೆ ಬರುತ್ತಾನೆ. ಹಳ್ಳಿಯ ಹುಡುಗನಿಗೆ ಬಾಡಿಗೆ ಕೋಣೆಗೆ ಹಣವಿಲ್ಲ. ದಿನವೂ ನಾಲ್ಕು ಬಸ್ಸು ಹಿಡಿದು ಬರಲು ತಿಂಗಳೆರಡು ಪ್ರಯತ್ನಿಸಿ ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕುಳಿತುಕೊಳ್ಳಲಾರದೆ ಹೋಗುತ್ತಾನೆ. ನಿಯಮವು ಇಬ್ಬರನ್ನೂ ಸಮಾನವಾಗಿ ಕಂಡಿತು. ಶಿಕ್ಷೆಯು ಒಬ್ಬನಿಗೆ ಅನಾನುಕೂಲ, ಮತ್ತೊಬ್ಬನಿಗೆ ವಿದ್ಯಾಭ್ಯಾಸದ ಅಂತ್ಯ. ಜೊತೆಗೆ ತಂದೆಯನ್ನು ಕರೆಸುವ ಶಿಕ್ಷೆಯೊಂದಿದೆ, ನಿಯಮಾವಳಿಯಲ್ಲಿ ಅದಕ್ಕೆ ಶಿಕ್ಷೆಯೆಂಬ ಹೆಸರೇ ಇಲ್ಲ. ಒಂದು ದಿನದ ಕೆಲಸ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದು, ಮಗನ ವಯಸ್ಸಿನ ಗುಮಾಸ್ತನ ಮುಂದೆ ಕೈಕಟ್ಟಿ ನಿಂತು, ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಆ ಮನುಷ್ಯನು ಮಾಡಿದ ತಪ್ಪೇನು ಎಂದು ನಾವು ಕೇಳಿಕೊಳ್ಳುವುದಿಲ್ಲ.

ಶಿಕ್ಷೆ ಎಂಬ ಮಾತನ್ನೇ ಸ್ವಲ್ಪ ನೋಡಬೇಕು. ಕನ್ನಡದಲ್ಲಿ ಶಿಕ್ಷಣ, ಶಿಕ್ಷಕ, ಶಿಕ್ಷೆ ಮೂರೂ ಒಂದೇ ಸಂಸ್ಕೃತ ಧಾತುವಿನಿಂದ ಬಂದವು; ಶಕ್ತನಾಗಬೇಕೆಂಬ ಇಚ್ಛೆ ಆ ಧಾತುವಿನ ಮೂಲಾರ್ಥ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿಯೂ ಹೀಗೆಯೇ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ ಶಿಕ್ಷೆಯೆಂದು ನಾವು ಓದುವ ಪದವು ಪೈದೇಯ. ಮಗುವನ್ನು ಬೆಳೆಸಿ ತಿದ್ದುವುದು ಅದರ ಅರ್ಥ. ಅದರ ಕ್ರಿಯಾಪದವು ಲೂಕನ ಬರಹಗಳಲ್ಲಿ ಎರಡು ಕಡೆ ಬರುವ ರೀತಿಯು ನಮ್ಮ ವಿಷಯಕ್ಕೆ ಬಹಳ ಬೆಳಕು ಕೊಡುತ್ತದೆ. ಅಪೊಸ್ತಲರ ಕೃತ್ಯಗಳು 22:3ರಲ್ಲಿ ಪೌಲನು ತಾನು ಗಮಲಿಯೇಲನ ಪಾದಸನ್ನಿಧಿಯಲ್ಲಿ ಶಿಕ್ಷಿತನಾದೆನೆಂದು ಹೇಳುವಾಗ ಬಳಸುವ ಕ್ರಿಯಾಪದವನ್ನೇ ಲೂಕ 23:16ರಲ್ಲಿ ಪಿಲಾತನು ಬಳಸುತ್ತಾನೆ: ಯೇಸುವಿನಲ್ಲಿ ತಪ್ಪನ್ನು ಕಾಣದಿದ್ದರೂ ಶಿಕ್ಷಿಸಿ ಬಿಟ್ಟುಬಿಡುವೆನೆಂದು ಜನರ ಮುಂದೆ ಹೇಳುತ್ತಾನೆ. ಒಂದೇ ಮಾತು, ಒಂದು ಕಡೆ ಗುರುವಿನ ಪಾಠ, ಇನ್ನೊಂದು ಕಡೆ ಗದ್ದಲವನ್ನು ಅಡಗಿಸಲು ಅಧಿಕಾರಿಯು ಬೀಸುವ ಚಾಟಿ. ವಿದ್ಯಾರ್ಥಿನಿಲಯದಲ್ಲಿ ದಂಡನೆಯ ಆದೇಶ ಹೊರಡುವಾಗಲೆಲ್ಲ ಇವೆರಡರಲ್ಲಿ ಯಾವುದು ನಡೆಯುತ್ತಿದೆ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆಡಳಿತ ಮಂಡಳಿಗೆ ಉತ್ತರ ಕೊಡಬೇಕು, ಪತ್ರಿಕೆಯಲ್ಲಿ ಸುದ್ದಿ ಬಂದಿದೆ, ಯಾರನ್ನಾದರೂ ಹೊರಗೆ ಹಾಕಿ ತೋರಿಸಬೇಕು ಎಂಬ ಒತ್ತಡದಲ್ಲಿ ಹುಟ್ಟಿದ ಆದೇಶವು ಗಮಲಿಯೇಲನದಲ್ಲ.

ಕ್ರೈಸ್ತ ಶಿಸ್ತಿನ ಮೂಲಪಾಠವೆಂದು ಎಲ್ಲರೂ ತೆರೆಯುವುದು ಮತ್ತಾಯ 18:15–17. ಮೊದಲು ಒಬ್ಬನೇ ಹೋಗಿ ಮಾತನಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಮೇಲೆ ಸಭೆಗೆ ತಿಳಿಸು. ಅದಕ್ಕೂ ಕಿವಿಗೊಡದಿದ್ದರೆ ಅವನು ನಿನಗೆ ಅನ್ಯನಂತಿರಲಿ. ಈ ಕ್ರಮವನ್ನು ಒಂದು ಏಣಿಯೆಂದು ತಿಳಿದು, ಕೊನೆಯ ಮೆಟ್ಟಿಲಿಗೆ ಬೇಗ ತಲುಪುವುದನ್ನೇ ದೃಢತೆ ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಆದರೆ ಎರಡನೆಯ ಹೆಜ್ಜೆಯ ಸಾಕ್ಷಿಗಳು ಧರ್ಮೋಪದೇಶಕಾಂಡ 19:15ರಿಂದ ಬಂದವರು. ಅಲ್ಲಿ ಅವರಿರುವುದು ಒಬ್ಬನ ಮಾತಿನ ಮೇಲೆಯೇ ಯಾರೂ ಅಪರಾಧಿಯೆನಿಸಿಕೊಳ್ಳಬಾರದೆಂಬ ಕಾರಣಕ್ಕೆ. ಆರೋಪಿಯ ರಕ್ಷಣೆಗಾಗಿಯೂ ಅವರು ಬೇಕು. ಇನ್ನು ಮೊದಲ ಹೆಜ್ಜೆಯ ಏಕಾಂತವು ಮಾನವನ್ನು ಕಾಪಾಡುವ ಏಕಾಂತ. ಸೂಚನಾ ಫಲಕದಲ್ಲಿ ಹೆಸರು ಬರೆದು ಅಂಟಿಸಿದ ಮೇಲೆ ಏಕಾಂತದಲ್ಲಿ ಮಾತನಾಡಲು ಉಳಿಯುವುದೇನು? ಅಧ್ಯಾಯದ ಕಟ್ಟಡವನ್ನೂ ಗಮನಿಸಬೇಕು. ಈ ಮೂರು ವಚನಗಳ ಹಿಂದೆ ತಪ್ಪಿಸಿಕೊಂಡ ಕುರಿಯ ಸಾಮ್ಯವಿದೆ, ಮುಂದೆ ಲೆಕ್ಕವಿಲ್ಲದಷ್ಟು ಸಲ ಕ್ಷಮಿಸಬೇಕೆಂದು ಪೇತ್ರನಿಗೆ ಕೊಟ್ಟ ಉತ್ತರವಿದೆ. ಕೊನೆಗೆ ಅನ್ಯನಂತೆ, ಸುಂಕದವನಂತೆ ಎಂದಾಗಲೂ, ಸುಂಕದವರೊಂದಿಗೆ ಯೇಸು ಊಟಕ್ಕೆ ಕುಳಿತುದನ್ನು ಅದೇ ಸುವಾರ್ತೆಯ ಒಂಬತ್ತನೆಯ ಅಧ್ಯಾಯವು ಹೇಳಿ ಮುಗಿಸಿರುತ್ತದೆ.

ಆದರೆ ವಿದ್ಯಾರ್ಥಿನಿಲಯವು ಸಭೆಯಲ್ಲ. ಅಲ್ಲಿರುವವರೆಲ್ಲ ಒಂದೇ ವಿಶ್ವಾಸದವರಲ್ಲ, ಸರ್ಕಾರಿ ನಿಲಯದ ನಿಲಯಪಾಲಕರು ಮತ್ತಾಯನಿಗೆ ಬದ್ಧರೂ ಅಲ್ಲ. ಅವರನ್ನು ಬಂಧಿಸುವುದು ಕಾನೂನು. ಆಶ್ಚರ್ಯವೆಂದರೆ ಕಾನೂನು ಈ ಪಾಠದಿಂದ ಬಹಳ ದೂರದಲ್ಲಿಲ್ಲ. ದಂಡಿಸುವ ಮೊದಲು ಆರೋಪವನ್ನು ತಿಳಿಸಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ದೂರುದಾರನೇ ತೀರ್ಪುಗಾರನಾಗಬಾರದು ಎಂಬ ಸಹಜ ನ್ಯಾಯದ ತತ್ತ್ವಗಳು ವಿದ್ಯಾರ್ಥಿಗಳಿಗೂ ಅನ್ವಯಿಸುತ್ತವೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿಯೇ, ಉತ್ತರ ಪ್ರದೇಶದ ಪರೀಕ್ಷಾ ಅಕ್ರಮದ ಮೊಕದ್ದಮೆಯೊಂದರಲ್ಲಿ ಹೇಳಿತು. ಆದರೆ ಈ ತತ್ತ್ವಗಳು ಎಲ್ಲ ಕಡೆಯೂ ಒಂದೇ ಅಚ್ಚಿನಲ್ಲಿ ಇರಬೇಕಾಗಿಲ್ಲ. 1973ರಲ್ಲಿ ತೀರ್ಮಾನವಾದ ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಮೊಕದ್ದಮೆಯು ಹಾಸ್ಟೆಲಿಗೆ ಸಂಬಂಧಿಸಿದ್ದೇ. ಕೆಲವು ವಿದ್ಯಾರ್ಥಿಗಳು ರಾತ್ರಿ ವೇಳೆ ಹೆಣ್ಣುಮಕ್ಕಳ ಹಾಸ್ಟೆಲಿನ ಆವರಣಕ್ಕೆ ನುಗ್ಗಿ ದುರ್ವರ್ತಿಸಿದ್ದರು. ವಿಚಾರಣಾ ಸಮಿತಿಯು ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಎದುರಿನಲ್ಲಿ ಪಡೆಯಲಿಲ್ಲ. ಆಮೇಲೆ ಆರೋಪಿಗಳನ್ನು ಕರೆಸಿ, ಆರೋಪ ತಿಳಿಸಿ, ಅವರ ಉತ್ತರವನ್ನು ಕೇಳಿತು. ಇದು ಅನ್ಯಾಯವೆಂಬ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ಎದುರು ನಿಂತು ಸಾಕ್ಷಿ ಹೇಳಿದ ಹುಡುಗಿ ನಾಳೆ ಅದೇ ದಾರಿಯಲ್ಲಿ ನಡೆದು ಹೋಗಬೇಕಾದವಳು ಎಂಬುದನ್ನು ಅದು ಮರೆಯಲಿಲ್ಲ. ಆರೋಪಿಯ ಮಾತನ್ನು ಕೇಳುವುದು, ಬಲಹೀನರನ್ನು ಕಾಯುವುದು: ಇವೆರಡೂ ಒಂದೇ ನ್ಯಾಯಕ್ಕೆ ಸೇರಿದವು. ಮತ್ತಾಯ 18ರ ಆರಂಭದ ಭಾಗದಲ್ಲಿಯೂ ಚಿಕ್ಕವರಿಗೆ ಅಡ್ಡಿಯಾಗುವವರನ್ನು ಕುರಿತ ಕಠಿಣ ಎಚ್ಚರಿಕೆಯಿದೆ. ಬೀಸುವ ಕಲ್ಲನ್ನು ಆ ಅಧ್ಯಾಯದಿಂದ ತೆಗೆದುಹಾಕಿ ಬರಿಯ ಕ್ಷಮೆಯನ್ನು ಉಳಿಸಿಕೊಂಡರೆ ಅದು ಪಾಠಕ್ಕೆ ಮಾಡಿದ ದ್ರೋಹ.

ರ‍್ಯಾಗಿಂಗ್ ವಿಷಯದಲ್ಲಿ ಈ ಕಠಿಣತೆ ಬೇಕೇ ಬೇಕು. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಸತ್ತನು. ಅದೇ ವರ್ಷ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರ‍್ಯಾಗಿಂಗ್ ತಡೆ ವಿನಿಯಮಗಳನ್ನು ಹೊರಡಿಸಿತು. ವಿದ್ಯಾರ್ಥಿ ಮತ್ತು ಪೋಷಕರಿಬ್ಬರೂ ಪ್ರಮಾಣಪತ್ರ ಕೊಡುವುದು, ತಡೆ ಸಮಿತಿ, ಹಠಾತ್ ಭೇಟಿ ಮಾಡುವ ದಳ, ತರಗತಿಯಿಂದ ಅಮಾನತಿನಿಂದ ಮೊದಲ್ಗೊಂಡು ಹಾಸ್ಟೆಲಿನಿಂದ ಮತ್ತು ಸಂಸ್ಥೆಯಿಂದ ವಜಾ ಮಾಡುವವರೆಗಿನ ದಂಡನೆಗಳು, ಮೇಲ್ಮನವಿಯ ಹಕ್ಕು ಎಲ್ಲವೂ ಅದರಲ್ಲಿವೆ. ಕರ್ನಾಟಕದಲ್ಲಿ ಶಿಕ್ಷಣ ಅಧಿನಿಯಮ 1983 ಕೂಡ ರ‍್ಯಾಗಿಂಗನ್ನು ದಂಡನೀಯ ಅಪರಾಧವೆಂದು ಪರಿಗಣಿಸುತ್ತದೆ. ಇವೆಲ್ಲವನ್ನೂ ಒಪ್ಪಿಕೊಂಡೇ ಒಂದು ಅಂಶದಲ್ಲಿ ನಾನು ತಡೆಯುತ್ತೇನೆ. ತಪ್ಪು ಮಾಡಿದವರು ಯಾರೆಂದು ಗೊತ್ತಾಗದಿದ್ದಲ್ಲಿ ಸಂಸ್ಥೆಯು ಸಾಮೂಹಿಕ ದಂಡನೆಯನ್ನು ವಿಧಿಸಬೇಕೆಂದು ಆ ವಿನಿಯಮಗಳು ಹೇಳುತ್ತವೆ. ಇದರ ಹಿಂದಿನ ಯೋಚನೆ ಅರ್ಥವಾಗದ್ದಲ್ಲ: ಎಲ್ಲರೂ ಬಾಯಿ ಮುಚ್ಚಿಕೊಂಡಿರುವಾಗ ಮೌನವನ್ನು ಒಡೆಯುವ ಬೇರೆ ದಾರಿ ಕಾಣುವುದಿಲ್ಲ. ಆದರೆ ಯೆಹೆಜ್ಕೇಲ 18 ನಿಲ್ಲುವುದು ಇಂಥ ಲೆಕ್ಕಾಚಾರದ ವಿರುದ್ಧವೇ. ಪಾಪ ಮಾಡಿದವನೇ ಅದರ ಫಲವನ್ನು ಹೊರಬೇಕು, ಬೇರೊಬ್ಬನಲ್ಲ. ಅಬ್ರಹಾಮನು ಸೊದೋಮಿನ ವಿಷಯದಲ್ಲಿ ಐವತ್ತರಿಂದ ಹತ್ತಕ್ಕೆ ಇಳಿಯುತ್ತ ದೇವರೊಂದಿಗೆ ನಡೆಸಿದ ವಾದವೂ ಇದೇ ಪ್ರಶ್ನೆಯ ಸುತ್ತ. ಒಂದು ಅಂತಸ್ತಿನ ಎಲ್ಲ ಕೋಣೆಗಳಿಗೆ ದಂಡ ಹಾಕಿದಾಗ ಮೌನವು ಒಡೆಯುವುದಿಲ್ಲ. ತಪ್ಪಿತಸ್ಥನು ಗುಂಪಿನೊಳಗೆ ಇನ್ನಷ್ಟು ಸುರಕ್ಷಿತನಾಗುತ್ತಾನೆ, ದೂರು ಕೊಟ್ಟ ಹೊಸ ವಿದ್ಯಾರ್ಥಿಯು ಎಲ್ಲರ ದಂಡಕ್ಕೂ ಕಾರಣನೆನಿಸಿಕೊಳ್ಳುತ್ತಾನೆ.

ಹೆಣ್ಣುಮಕ್ಕಳ ನಿಲಯಗಳ ಮಾತು ಬೇರೆಯೇ ಇದೆ. ಅಲ್ಲಿ ದಂಡನೆಗಿಂತ ನಿಯಮವೇ ಪ್ರಶ್ನೆ. ಗಂಡುಮಕ್ಕಳಿಗೆ ರಾತ್ರಿಯ ಊಟದ ವೇಳೆಯವರೆಗೆ ಬಿಡುವಿದ್ದರೆ ಹೆಣ್ಣುಮಕ್ಕಳಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೇಟು. ಗ್ರಂಥಾಲಯ ತೆರೆದಿರುತ್ತದೆ, ಹೋಗುವಂತಿಲ್ಲ. ಕಾರಣ ಕೇಳಿದರೆ ಸುರಕ್ಷತೆ. ಲೈಂಗಿಕ ಕಿರುಕುಳ ತಡೆಯನ್ನು ಕುರಿತ ಅನುದಾನ ಆಯೋಗದ 2015ರ ವಿನಿಯಮಗಳು ಈ ಕಾರಣವನ್ನೇ ತಳ್ಳಿಹಾಕಿವೆ: ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಹಾಸ್ಟೆಲಿನಲ್ಲಿ ತಾರತಮ್ಯದ ನಿಯಮಗಳನ್ನು ಹೇರಕೂಡದು. 2019ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವನ್ನೂ ಇಲ್ಲಿ ನೆನೆಯಬಹುದು. ಕೋಳಿಕ್ಕೋಡು ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲನ್ನು ಒಪ್ಪಿಸಬೇಕೆಂಬ ನಿಯಮಕ್ಕೆ ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಲಾಗಿತ್ತು. ಅಂತರ್ಜಾಲವು ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ಹೇಳಿ ನ್ಯಾಯಾಲಯವು ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ನಿಯಮ ಮಾಡಿದವರು ಕೆಟ್ಟವರೆಂದು ನಾನು ಹೇಳಲಾರೆ. ಮಕ್ಕಳು ಓದಲಿ ಎಂದೇ ಮಾಡಿದ್ದು. ಆದರೆ ಇಪ್ಪತ್ತು ವರ್ಷದವಳನ್ನು ಹತ್ತು ವರ್ಷದವಳಂತೆ ಕಾಣುವ ನಿಯಮವು ಅವಳಲ್ಲಿ ಯಾವ ಶಕ್ತಿಯನ್ನೂ ಬೆಳೆಸುವುದಿಲ್ಲ. ನಮ್ಮ ಸಭೆಗಳು ನಡೆಸುವ ನಿಲಯಗಳ ಗೇಟಿನ ವೇಳೆಯನ್ನೂ ಒಮ್ಮೆ ನೋಡಿಕೊಳ್ಳಬೇಕು.

ಒಟ್ಟಿಗೆ ವಾಸಿಸುವವರ ಶಿಸ್ತನ್ನು ಕುರಿತು ಕ್ರೈಸ್ತ ಪರಂಪರೆಯಲ್ಲಿ ಅತ್ಯಂತ ಪಳಗಿದ ಬರಹವು ಸಂತ ಬೆನೆಡಿಕ್ಟನ ಆರನೆಯ ಶತಮಾನದ ನಿಯಮಾವಳಿ. ಅದರ 23ರಿಂದ 30ರವರೆಗಿನ ಅಧ್ಯಾಯಗಳು ಪೂರ್ತಿಯಾಗಿ ದಂಡನೆಗೆ ಮೀಸಲು. ಕ್ರಮವು ಮತ್ತಾಯನದೇ: ಏಕಾಂತದಲ್ಲಿ ಎರಡು ಸಲ ಎಚ್ಚರಿಕೆ, ಆಮೇಲೆ ಎಲ್ಲರ ಮುಂದೆ, ಆಮೇಲೆ ಬಹಿಷ್ಕಾರ. ಹಗುರ ತಪ್ಪು ಮಾಡಿದವನು ಸಾಮೂಹಿಕ ಪಂಕ್ತಿಯಿಂದ ಹೊರಗುಳಿಯುತ್ತಾನೆ, ಆದರೆ ಉಪವಾಸ ಬೀಳುವುದಿಲ್ಲ. ಉಳಿದವರ ಊಟವಾದ ಮೇಲೆ ಅವನಿಗೆ ಊಟ. ಮೆಸ್ಸಿನ ಊಟವನ್ನೇ ನಿಲ್ಲಿಸುವ ನಮ್ಮ ಕಾಲದ ಕೆಲವು ದಂಡನೆಗಳಿಗೆ ಹೋಲಿಸಿದರೆ ಇದು ಮೃದು. 27ನೆಯ ಅಧ್ಯಾಯ ಎಲ್ಲಕ್ಕಿಂತ ಮುಖ್ಯ. ಬಹಿಷ್ಕೃತನನ್ನು ಮಠಾಧಿಪತಿಯು ವೈದ್ಯನಂತೆ ನೋಡಿಕೊಳ್ಳಬೇಕು. ವಿವೇಕವುಳ್ಳ ಹಿರಿಯರನ್ನು ಗುಟ್ಟಾಗಿ ಅವನ ಬಳಿಗೆ ಕಳುಹಿಸಬೇಕು. ಅವರು ಅವನನ್ನು ಸಂತೈಸಿ, ತಗ್ಗಿ ಮರಳುವಂತೆ ಮನವೊಲಿಸಬೇಕು. ದಂಡಿಸಿದವನೇ, ತನ್ನ ದಂಡನೆಯನ್ನು ಹಿಂತೆಗೆದುಕೊಳ್ಳದೆ, ಸಾಂತ್ವನದ ಏರ್ಪಾಟನ್ನೂ ಮಾಡುತ್ತಾನೆ. ಇದಕ್ಕೆ ಅವನು ಆಧಾರವಾಗಿ ತೆಗೆದುಕೊಳ್ಳುವುದು 2 ಕೊರಿಂಥ 2:6–8. ಬಹುಮತದಿಂದಾದ ದಂಡನೆ ಸಾಕು, ಇನ್ನು ಅವನು ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಸಂತೈಸಿರಿ ಎಂದು ಪೌಲನು ಅಲ್ಲಿ ಬರೆಯುತ್ತಾನೆ. ಆ ಮನುಷ್ಯನು 1 ಕೊರಿಂಥ 5ರಲ್ಲಿ ಹೊರಹಾಕಲ್ಪಟ್ಟವನೇ ಹೌದೋ ಅಲ್ಲವೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. ದಂಡನೆಗೆ ಒಂದು ಸಾಕು ಎಂಬುದಿದೆ ಎಂಬ ಮಾತು ಮಾತ್ರ ಎರಡು ಕಡೆಯ ಓದಿಗೂ ನಿಲ್ಲುತ್ತದೆ. 29ನೆಯ ಅಧ್ಯಾಯವು, ಬಿಟ್ಟುಹೋದವನನ್ನು ಮೂರು ಸಲದವರೆಗೆ ಮರಳಿ ಸೇರಿಸಿಕೊಳ್ಳಬಹುದು, ಆದರೆ ಕಡೆಯ ಸ್ಥಾನದಲ್ಲಿ ಎನ್ನುತ್ತದೆ. ಹೊಡೆತವನ್ನೂ ಬೆನೆಡಿಕ್ಟನು ಒಪ್ಪುತ್ತಾನೆ, 30ನೆಯ ಅಧ್ಯಾಯದಲ್ಲಿ ಬಾಲಕರಿಗೆ ಕೂಡ. ಅದನ್ನು ಅವನ ಕಾಲಕ್ಕೇ ಬಿಟ್ಟುಬಿಡಬೇಕು.

ನಮ್ಮ ಮುಚ್ಚಳಿಕೆಯಲ್ಲಿ ಕಾಣೆಯಾದದ್ದು ಈ 27ನೆಯ ಅಧ್ಯಾಯ. ನೋಟೀಸು ಇದೆ, ಸಮಿತಿ ಇದೆ, ಆದೇಶ ಇದೆ. ಆದೇಶದ ಮರುದಿನ ಆ ಹುಡುಗನೊಂದಿಗೆ ಮಾತನಾಡಲು ಹೋಗುವವರು ಯಾರೆಂಬುದು ಯಾವ ನಿಯಮದಲ್ಲಿಯೂ ಇಲ್ಲ. ತಪ್ಪೊಪ್ಪಿಗೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಸೀಟು ಉಳಿಯಬೇಕಾದರೆ ಹೀಗೆ ಬರೆ ಎಂದು ಹೇಳಿ ಬರೆಸಿದ ಒಪ್ಪಿಗೆಯು ಪಶ್ಚಾತ್ತಾಪವಲ್ಲ. ಅದು ವ್ಯಾಪಾರ, ಮತ್ತು ಅದರಲ್ಲಿ ಒಂದು ಕಡೆಯವರಿಗೆ ಚೌಕಾಶಿಯ ಹಕ್ಕೂ ಇಲ್ಲ. ಗಲಾತ್ಯ 6:1 ತಪ್ಪಿಗೆ ಸಿಕ್ಕಿದವನನ್ನು ಸರಿಪಡಿಸುವುದಕ್ಕೆ ಬಳಸುವ ಕ್ರಿಯಾಪದವನ್ನು ಮಾರ್ಕ 1:19ರಲ್ಲಿ ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಮಾಡುವುದಕ್ಕೆ ಬಳಸಲಾಗಿದೆ. ಬಲೆ ಹರಿದರೆ ಬೆಸ್ತನು ಅದರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದಿಲ್ಲ, ತಾನೇ ಕುಳಿತು ಹೆಣೆಯುತ್ತಾನೆ.

ಒಂದು ಆಕ್ಷೇಪಣೆ ಉಳಿಯುತ್ತದೆ, ಅದು ಗಂಭೀರವಾದದ್ದು. ಪೆಟ್ಟು ತಿಂದವನು ಅದೇ ನಿಲಯದಲ್ಲಿದ್ದಾನೆ. ಹೊಡೆದವನನ್ನು ಮರಳಿ ಅದೇ ಅಂತಸ್ತಿಗೆ ತಂದರೆ ಕೃಪೆಯ ಬೆಲೆಯನ್ನು ತೆರುವವನು ಪೆಟ್ಟು ತಿಂದವನು. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಒಂದು ದಿಕ್ಕು ಮಾತ್ರ ಕಾಣುತ್ತದೆ. ಅರಣ್ಯಕಾಂಡ 35 ಮತ್ತು ಯೆಹೋಶುವ 20 ಹೇಳುವ ಆರು ಆಶ್ರಯನಗರಗಳು, ಯೊರ್ದನಿನ ಈಚೆ ಮೂರು, ಆಚೆ ಮೂರು, ಕೈತಪ್ಪಿ ಕೊಂದವನನ್ನು ಸೇಡಿನಿಂದ ದೂರವಿಟ್ಟು ಬದುಕಿಸುವುದಕ್ಕಾಗಿ ಇದ್ದವು. ಬೇಕೆಂದು ಕೊಂದವನಿಗೆ ಅಲ್ಲಿ ಆಶ್ರಯವಿರಲಿಲ್ಲ, ಅದನ್ನು ತೀರ್ಮಾನಿಸಲು ಸಭೆಯ ಮುಂದೆ ವಿಚಾರಣೆಯಾಗಬೇಕಿತ್ತು. ಸ್ಥಳ ಬದಲಾಗುತ್ತದೆ, ಜೀವನ ನಿಲ್ಲುವುದಿಲ್ಲ. ಕೊಲೆಗೂ ಗೋಡೆ ಹಾರುವುದಕ್ಕೂ ಹೋಲಿಕೆಯಿಲ್ಲವೆಂದು ಬಲ್ಲೆ. ಏರ್ಪಾಟಿನ ಬುದ್ಧಿಯನ್ನಷ್ಟೇ ಗಮನಿಸುತ್ತಿದ್ದೇನೆ. ಒಂದೇ ಇಲಾಖೆಯ ನಿಲಯಗಳು ಹಾಸನದಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಇರುವಾಗ, ವಜಾ ಮಾಡುವ ಬದಲು ಬೇರೊಂದು ಊರಿನ ನಿಲಯಕ್ಕೆ ವರ್ಗಾಯಿಸುವುದನ್ನು ಮೊದಲ ದಾರಿಯಾಗಿ ಏಕೆ ಇಟ್ಟುಕೊಳ್ಳಬಾರದು? ಹೊಳೆನರಸೀಪುರವು ಮೈಸೂರು–ಹಾಸನ ರೈಲು ಮಾರ್ಗದಲ್ಲಿದೆ. 2017ರಲ್ಲಿ ಪೂರ್ಣವಾಗಿ ತೆರೆದ ಬೆಂಗಳೂರು–ಹಾಸನ ಮಾರ್ಗದಲ್ಲಿ ಚನ್ನರಾಯಪಟ್ಟಣವಿದೆ. ಅಲ್ಲಿ ಮಲಗಿ ಹಾಸನದಲ್ಲಿ ಓದುವುದು ಕಷ್ಟವಾದರೂ ಅಸಾಧ್ಯವಲ್ಲ. ಅರಕಲಗೂಡಿಗೆ ರೈಲಿಲ್ಲ. ಅಲ್ಲಿಗೆ ಕಳುಹಿಸುವುದಾದರೆ ಬೆಳಗಿನ ಮೊದಲ ಬಸ್ಸಿನ ವೇಳೆಯನ್ನೂ ಸಂಜೆಯ ಊಟವನ್ನು ತೆಗೆದಿಡುವ ಏರ್ಪಾಟನ್ನೂ ವರ್ಗಾವಣೆಯ ಆದೇಶದಲ್ಲಿಯೇ ಬರೆಯಬೇಕಾದೀತು.